ಮನೆಗೊಂದು ನಂಬರು

ದೇಶದ ಇಂಟರ್ನೆಟ್ಟನ್ನು ಅಳೆಯುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡದ್ದು ನನಗೊಂದು ಡಿಗ್ರಿ ಇತ್ತು, ಓಡುವ ಸ್ಕೂಟರ್ ಇತ್ತು ಎಂಬ ಕಾರಣಕ್ಕೆ. ಅಳೆಯುವುದು ಎಂದರೆ ಟವರಿನ ಎತ್ತರವನ್ನಲ್ಲ. ನೆಟ್ಟು ಎಲ್ಲರಿಗೂ ತೆರೆದಿದೆಯೋ ಇಲ್ಲವೋ, ಎಲ್ಲ ಥರದ ಜನ ಅದರೊಳಗಿದ್ದಾರೋ ಇಲ್ಲವೋ, ಅದರಲ್ಲಿ ಬಾಯಿ ಬಿಟ್ಟರೆ ಯಾರಾದರೂ ಬಂದು ಕೊರಳಪಟ್ಟಿ ಹಿಡಿಯುತ್ತಾರೋ ಇಲ್ಲವೋ, ಇದನ್ನೆಲ್ಲ ಮನೆಮನೆಗೂ ಹೋಗಿ ಕೇಳಿ ಟ್ಯಾಬಿನಲ್ಲಿ ಒತ್ತಿ ಬೆಂಗಳೂರಿಗೆ ಕಳಿಸಬೇಕು. ಅಲ್ಲಿ ಕುಳಿತವರು ಅದನ್ನೆಲ್ಲ ಕೂಡಿಸಿ ಭಾಗಿಸಿ, ನಮ್ಮ ದೇಶಕ್ಕೆ ಇಷ್ಟು ಅಂಕ ಎಂದು ಹೇಳುತ್ತಾರಂತೆ. ಮೊದಲ ದಿನ ಇದನ್ನು ಕೇಳಿದಾಗ ನನಗೆ ಹೆಮ್ಮೆಯೇ ಆಗಿತ್ತು. ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ.

ತರಬೇತಿ ನಡೆದದ್ದು ಮಂಡ್ಯದಲ್ಲಿ, ಬಸ್ ನಿಲ್ದಾಣದ ಹಿಂದಿನ ಒಂದು ಛತ್ರದ ಮಹಡಿಯ ಮೇಲೆ. ಹೇಳಿಕೊಡಲು ಬಂದ ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು. ಪಠ್ಯಪುಸ್ತಕದ ಕನ್ನಡ, ತೊಳೆದಿಟ್ಟ ಮುಖ. "ಒಂದು ಮನೆಗೆ ಒಂದು ಉತ್ತರ ಸಾಕು. ಆ ಹೊತ್ತಿಗೆ ಮನೆಯಲ್ಲಿ ಸಿಕ್ಕ ಹಿರಿಯರು ಹೇಳಿದ್ದೇ ಆ ಮನೆಯ ಉತ್ತರ" ಎಂದರು. ನಾನು ಎದ್ದು ನಿಂತು, "ನಮ್ಮ ಕಡೆ ಹಾಗೆ ಸಿಕ್ಕುವವರು ಗಂಡಸರೇ ಮೇಡಂ. ಹೆಂಗಸರದ್ದನ್ನೂ ಅವರೇ ಹೇಳಿಬಿಡುತ್ತಾರೆ" ಎಂದೆ. ಅವರು ನಕ್ಕು, "ಮನೆಯವರ ವಿಷಯ ಮನೆಯವರಿಗೆ ಗೊತ್ತಿರುತ್ತದಲ್ಲವಾ?" ಎಂದರು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ಆದರೂ ಟ್ಯಾಬು ತೆಗೆದುಕೊಂಡು ಇಳಿದೆ.

ನನ್ನ ಪಾಲಿಗೆ ಬಂದದ್ದು ಮಳವಳ್ಳಿ ತಾಲ್ಲೂಕು. ಬಂಡೂರಿನ ಆಸುಪಾಸಿನ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆಯೊಂದಕ್ಕೆ ಹೋದೆ. ಯಜಮಾನ ಜಗಲಿಯ ಮೇಲೆ ಕೂತು ಒಂದು ಟಗರಿನ ಗೊರಸು ಕೆತ್ತುತ್ತಿದ್ದ. ಬಾಗಿಲ ಹಿಂದೆ ಅವನ ಹೆಂಡತಿ ನಿಂತಿದ್ದಳು. ಸೆರಗಿನ ತುದಿ ಮಾತ್ರ ನನಗೆ ಕಾಣುತ್ತಿತ್ತು.

"ಮನೇಲಿ ಎಂಗಸ್ರು ನೆಟ್ ನೋಡ್ತಾರಾ?" ಎಂದು ಕೇಳಿದೆ.

"ನೋಡ್ತಾರೆ ಕಣಮ್ಮ, ಯಾಕ್ ನೋಡಲ್ಲ? ನಮ್ಮನೇಲಿ ಎಲ್ರೂ ನೋಡ್ತಾರೆ."

"ಅವರ ಹತ್ರ ಫೋನ್ ಐತಾ?"

"ನಂದೇ ಐತಲ್ಲ."

"ನಿಮ್ದು ಯಾವಾಗ ಅವರ ಕೈಗೆ ಕೊಡ್ತೀರ?"

"ಕೇಳ್ದಾಗ."

"ಯಾವಾಗ ಕೇಳ್ತಾರೆ?"

"ಕೇಳಲ್ಲ."

ಇಷ್ಟು ಹೇಳಿ ಅವನು ಟಗರಿನ ಇನ್ನೊಂದು ಕಾಲು ಎತ್ತಿಕೊಂಡ. ನಾನು ಬಾಗಿಲ ಕಡೆ ತಿರುಗಿ, "ಅಮ್ಮಾ, ನೀವ್ ಹೇಳಿ" ಎಂದೆ. ಸೆರಗು ಒಳಗೆ ಸರಿಯಿತು. "ಅವಳ್ನೇನ್ ಕೇಳೀಯ, ನಾನ್ ಯೋಳ್ತಾವ್ನಲ್ಲ" ಎಂದು ಅವನು ಗದರಿದ. ಟ್ಯಾಬು "ಹೌದು" ಅಥವಾ "ಇಲ್ಲ" ಎಂಬ ಎರಡನ್ನೇ ಕೊಟ್ಟಿತ್ತು. ಅವನು ಹೇಳಿದ್ದು ಹೌದು. ನಾನು ಹೌದನ್ನೇ ಒತ್ತಿದೆ, ಒತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡೆ.

ಹಕ್ಕಿನ ಪ್ರಶ್ನೆಗಳದ್ದು ಇನ್ನೊಂದು ಕಥೆ. "ನಿಮ್ಮ ಅಭಿಪ್ರಾಯವನ್ನು ಯಾವುದೇ ಭಯವಿಲ್ಲದೆ ಹಂಚಿಕೊಳ್ಳಬಹುದೆಂದು ನಿಮಗೆ ಅನ್ನಿಸುತ್ತದೆಯೇ?" ಮಳವಳ್ಳಿ ಪೇಟೆಯಲ್ಲಿ ಬೈಕ್ ರಿಪೇರಿ ಮಾಡುವ ಸಾಹೇಬರೊಬ್ಬರಿಗೆ ಇದನ್ನು ಓದಿದೆ. ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು, ಅಂಗಡಿಯ ಮುಂದೆ ಬೈಕಿಗಾಗಿ ಕಾಯುತ್ತಿದ್ದ ಇಬ್ಬರನ್ನೂ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಮ್ಗ್ಯಾಕಮ್ಮಾ ಭಯ? ಏನೂ ಇಲ್ಲ, ಬರ್ಕೊಳ್ಳಿ" ಎಂದರು. ಬರೆದುಕೊಂಡೆ. ಜನ ಉತ್ತರ ಹೇಳುವ ಮೊದಲು ಯಾವ ಕಡೆ ತಿರುಗಿ ನೋಡುತ್ತಾರೆ ಎಂಬುದಕ್ಕೆ ಟ್ಯಾಬಿನಲ್ಲಿ ಜಾಗ ಇರಲಿಲ್ಲ. ಅಳತೆ ಮಾಡುವವರು ಅದೊಂದನ್ನು ಅಳೆದಿದ್ದರೆ ಸಾಕಿತ್ತು.

ನಾನು ಹೀಗೆ ಮಳವಳ್ಳಿಯಲ್ಲಿ ಊರೂರು ಸುತ್ತುತ್ತಿದ್ದಾಗ, ನನ್ನೂರಿನಲ್ಲಿ ನನ್ನ ಗದ್ದೆಗೆ ಬರಬೇಕಾದ ನೀರನ್ನು ಒಂದು ಹೆಬ್ಬೆಟ್ಟು ಕಿತ್ತುಕೊಂಡಿತು. ಅದನ್ನು ಹೇಳಬೇಕಾದರೆ ನಮ್ಮೂರಿನ ನೀರಿನ ಕಥೆ ಹೇಳಬೇಕು.

ನಮ್ಮದು ಮದ್ದೂರು ತಾಲ್ಲೂಕು, ನಾಲೆಯ ಕೊನೇ ಭಾಗ. ಮೇಲಿನ ಊರುಗಳೆಲ್ಲ ಕುಡಿದು ಮಿಕ್ಕದ್ದು ನಮಗೆ. ನಾಲೆಗೆ ಕೆಲವು ದಿನ ನೀರು ಬಿಡುತ್ತಾರೆ, ಕೆಲವು ದಿನ ಕಟ್ಟುತ್ತಾರೆ. ಬಿಟ್ಟ ದಿನಗಳಲ್ಲಿ ಯಾರ ಗದ್ದೆಗೆ ಯಾವಾಗ ಎಂಬುದಕ್ಕೆ ಸರದಿ ಉಂಟು. ಸರದಿ ತಪ್ಪಿದರೆ ಮುಂದಿನ ಸಲ ನಾಲೆಗೆ ನೀರು ಬರುವ ತನಕ ಆಕಾಶ ನೋಡಬೇಕು. ಈ ಸರದಿಯನ್ನು ನಡೆಸುವವನು ನೀರುಗಂಟಿ, ತೂಬಿನ ಬಾಗಿಲು ಎತ್ತುವವನು, ಇಳಿಸುವವನು. ಮೊದಲೆಲ್ಲ ಅವನು ಬದುವಿನ ಮೇಲೆ ನಿಂತು, "ಕೆಳಗಲ ಗದ್ದೆಯೋರು ಬರ್ರಪ್ಪೋ" ಎಂದು ಕೂಗಿದರೆ ಮನೆಯೊಳಗಿದ್ದ ನನಗೂ ಕೇಳುತ್ತಿತ್ತು.

ನನ್ನ ಗಂಡ ಹೋಗಿ ಕೆಲವು ವರ್ಷ ಆಯಿತು. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡರು, ಮಂಡ್ಯ ಮುಟ್ಟಲಿಲ್ಲ. ಅವರ ಪಾಲಿನ ಗದ್ದೆಯನ್ನು ನಾನೇ ಮಾಡಿಸುತ್ತಿದ್ದೇನೆ. ನೇಗಿಲು ಹಿಡಿದವಳಲ್ಲ ಎಂದು ಆಡಿಕೊಂಡವರ ಮುಂದೆಯೇ ಎರಡು ಬೆಳೆ ತೆಗೆದೆ. ಪಕ್ಕದ ಕಬ್ಬಿನ ಹೊಲ ಅವರ ಅಣ್ಣನದ್ದು, ಅಂದರೆ ನನ್ನ ಭಾವನದ್ದು. ನಮ್ಮಲ್ಲಿ ಭಾವನೂ ತಮ್ಮನ ಹೆಂಡತಿಯೂ ಮುಖ ಕೊಟ್ಟು ಮಾತಾಡುವುದಿಲ್ಲ. ಅವರು ಬಂದರೆ ನಾನು ಏಳಬೇಕು, ನಾನು ಬಂದರೆ ಅವರು ಬೇರೆ ಕಡೆ ನೋಡಬೇಕು. ಹೇಳುವುದೇನಿದ್ದರೂ ನನ್ನ ಓರಗಿತ್ತಿಯ ಮೂಲಕ. ಅದು ಮರ್ಯಾದೆ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು, ನಾನೂ ಹಾಗೇ ನಡೆದುಕೊಂಡು ಬಂದಿದ್ದೆ.

ಊರಿನಲ್ಲಿ ಇನ್ನೊಂದು ಪದ್ಧತಿ. ಕಾಲುವೆಯ ಹೂಳು ತೆಗೆಯಬೇಕಾದಾಗ ಮನೆಗೊಂದಾಳು ಬರಬೇಕು. ಆಳು ಎಂದರೆ ಗಂಡಾಳು. ನಾನು ಕೂಲಿಗೆ ಒಬ್ಬನನ್ನು ಕಳಿಸುತ್ತಿದ್ದೆ. ಈ ವರ್ಷ ಹೂಳು ತೆಗೆದ ದಿನ ಯಾರಿಗೋ ಬುದ್ಧಿ ಹೊಳೆಯಿತು. ಮನೆಗೊಂದಾಳಿನ ಹಾಗೆ ಮನೆಗೊಂದು ನಂಬರು ಹಾಕಿ ವಾಟ್ಸಾಪ್ ಗ್ರೂಪು ಮಾಡೋಣ, ನೀರಿನ ಸುದ್ದಿ ಎಲ್ಲ ಅದರಲ್ಲೇ ಬರಲಿ, ನೀರುಗಂಟಿ ಗಂಟಲು ಹರಿದುಕೊಳ್ಳುವುದು ಯಾಕೆ? ಗ್ರೂಪು ಮಾಡಿದವರು ನನ್ನ ಭಾವ. ನಾನು ಓರಗಿತ್ತಿಯನ್ನು ಕೇಳಿದೆ. "ನಿಮ್ಮನೇದೂ ಹಾಕವ್ರಂತೆ ಕಣೆ" ಎಂದಳು. ನನ್ನ ಫೋನಿಗೆ ಏನೂ ಬರಲಿಲ್ಲ. ಇನ್ನೂ ಶುರುವಾಗಿಲ್ಲ ಎಂದುಕೊಂಡೆ. ಹೇಗಿದ್ದರೂ ನೀರುಗಂಟಿ ಕೂಗುತ್ತಾನಲ್ಲ.

ಆ ಸಲ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಹೊಸ ತಳಿಯ ಬಿತ್ತನೆ ಬತ್ತ ತಂದಿದ್ದೆ. ಪಕ್ಕದವರ ಬೋರಿನ ನೀರು ಕಾಡಿ ಬೇಡಿ ಒಟ್ಲು, ಅಂದರೆ ಸಸಿಮಡಿ, ಬಿಟ್ಟೆ. ಸಸಿ ಹಸಿರಾಗಿ, ಒತ್ತಾಗಿ, ಕೈಯಾಡಿಸಿದರೆ ಮೆತ್ತಗೆ ಮೇಲೆದ್ದಿತು. ಒಟ್ಲನ್ನು ಸರಿಯಾದ ವಯಸ್ಸಿಗೆ ಕಿತ್ತು ನಾಟಿ ಮಾಡಬೇಕು. ಬಲಿತು ಗೆಣ್ಣು ಬಿಟ್ಟರೆ ತೆಂಡೆ ಹೊಡೆಯುವುದಿಲ್ಲ, ಒಂದು ಸಸಿ ಒಂದಾಗಿಯೇ ನಿಲ್ಲುತ್ತದೆ, ತೆನೆಯೂ ಹಾಗೆಯೇ. ಬೋರಿನ ನೀರು ಒಟ್ಲಿಗೆ ಸಾಕು. ಗದ್ದೆ ಕೆಸರು ಮಾಡಲು ನಾಲೆಯ ನೀರೇ ಬೇಕು. ನನ್ನ ಸರದಿ ಆ ವಾರ ಬರಬೇಕಿತ್ತು. ಬೆಳಿಗ್ಗೆ ಮಳವಳ್ಳಿಗೆ ಹೋಗುವಾಗ ದಿನಾ ತೂಬಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಇಣುಕುತ್ತಿದ್ದೆ. ಒಣಗಿದ ಕಲ್ಲು.

ಒಂದು ಸಂಜೆ ಬಿಸಿಲಿಳಿಯುವ ಮುಂಚೆ ಬರುತ್ತೇನೆ, ಕಾಲುವೆಯಲ್ಲಿ ನೀರಿನ ಸದ್ದು. ಸ್ಕೂಟರನ್ನು ಅಲ್ಲೇ ಬಿಟ್ಟು ಓಡಿದೆ. ನೀರು ಭಾವನ ಕಬ್ಬಿನೊಳಗೆ ಹರಿದು ನಿಂತಿತ್ತು. ಕಬ್ಬಿನ ಬುಡಗಳೆಲ್ಲ ಮುಳುಗಿದ್ದವು. ನನ್ನ ಗದ್ದೆಯಲ್ಲಿ ಬೆರಳು ತೂರುವಷ್ಟು ಬಿರುಕು. ನೀರುಗಂಟಿ ತೂಬಿನ ಬಾಗಿಲು ಇಳಿಸಿ ಬೀಡಿ ಹಚ್ಚುತ್ತಿದ್ದ.

"ನನ್ ಸರದಿ ಎಲ್ಲೋಯ್ತು?" ಎಂದೆ.

"ಮುಗೀತಲ್ಲವ್ವ. ನಿಮ್ದನ್ನ ಕಬ್ಬಿಗೆ ಬುಟ್ಟುಕೊಟ್ರಲ್ಲ."

"ಯಾರು ಬುಟ್ಟುಕೊಟ್ಟಿದ್ದು?"

ಅವನು ಬೀಡಿ ಬಾಯಿಂದ ತೆಗೆದು, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ: "ನಿಮ್ಮೆಜಮಾನ್ರು ಒಪ್ಪವ್ರೆ ಕಣವ್ವಾ."

ಕೈಯಲ್ಲಿದ್ದ ಹೆಲ್ಮೆಟ್ಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಅವನ ಮುಖದಲ್ಲಿ ಕುಚೋದ್ಯ ಇರಲಿಲ್ಲ. ನನ್ನ ಗಂಡನ ಹೆಣಕ್ಕೆ ಹೆಗಲು ಕೊಟ್ಟವನು ಅವನು. "ಯಾವ ಎಜಮಾನ್ರು? ಬಾಯಲ್ಲಿ ಏನ್ ಬತ್ತದೆ ಅಂತ ನೋಡ್ಕೊಂಡು ಮಾತಾಡು" ಎಂದು ಕಿರುಚಿದೆ. ಅವನು ಹೆದರಿಕೊಂಡು ತನ್ನ ಫೋನು ತೆಗೆದು ತೋರಿಸಿದ. ನೀರಿನ ಗ್ರೂಪು. ಭಾವನ ಮೆಸೇಜು: ತಮ್ಮನ ಮನೆಯ ಸರದಿಯನ್ನು ಈ ಸಲ ಕಬ್ಬಿಗೆ ತೆಗೆದುಕೊಳ್ಳುತ್ತೇನೆ, ಒಪ್ಪಿಗೆಯಾದರೆ ತಿಳಿಸುವುದು. ಅದರ ಕೆಳಗೆ ಒಂದು ಹೆಬ್ಬೆಟ್ಟು. ಹೆಬ್ಬೆಟ್ಟಿನ ಪಕ್ಕದಲ್ಲಿ ನನ್ನ ಗಂಡನ ಹೆಸರು. ಹೆಸರಿನ ಪಕ್ಕದಲ್ಲಿ ಆಂಜನೇಯನ ಚಿತ್ರ.

"ಸತ್ತೋರು ಎಂಗ್ಲಾ ಒತ್ತುತಾರೆ?"

"ನೀವೇ ಒತ್ತಿದೀರ ಅನ್ಕಂಡೊ. ಅವರ ಫೋನು ನಿಮ್ ತಾವೇ ತಾನೆ ಇರಾದು?"

"ನಮ್ಮ ತಾವ ಇದ್ರೆ ಏನು, ಒಂದು ಮಾತು ಕೂಗಕ್ಕೆ ನಿಂಗೇನಾಗಿತ್ತು?"

"ಈಗ್ಯಾರು ಕೂಗ್ತಾರವ್ವಾ, ಎಲ್ಲ ಗ್ರೂಪಲ್ಲೆ" ಎಂದು ಅವನು ಪಂಚೆ ಕೊಡವಿಕೊಂಡು ಎದ್ದ.

ಅವರ ಫೋನು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು, ಪರದೆ ಒಡೆದು. ಸಿಮ್ಮಿಗೆ ರೀಚಾರ್ಜ್ ಮಾಡಿಸುವುದನ್ನು ಯಾವತ್ತೋ ನಿಲ್ಲಿಸಿದ್ದೆ. ಹಾಗೆ ಬಿಟ್ಟ ನಂಬರನ್ನು ಕಂಪನಿಯವರು ಬೇರೆಯವರಿಗೆ ಮಾರುತ್ತಾರೆಂದು ನನಗೇನು ಗೊತ್ತು? ಆ ಸಂಜೆ ಹಾಲು ಹಾಕುವ ಹೊತ್ತಿಗೆ ಸೀದಾ ಡೈರಿಗೆ ಹೋದೆ. ಕ್ಯಾನು ಹಿಡಿದು ನಿಂತ ಗಂಡಸರ ಮಧ್ಯೆ ಭಾವ ಇದ್ದರು. ನನ್ನನ್ನು ಕಂಡು ಎಂದಿನಂತೆ ಗೋಡೆಯ ಕಡೆ ತಿರುಗಿದರು. ಮುಖ ತಪ್ಪಿಸುವ ಅವರ ಮರ್ಯಾದೆ ಅವತ್ತು ನನಗೆ ಹೇಸಿಗೆಯಾಯಿತು.

"ಗ್ರೂಪಿಗೆ ನನ್ ನಂಬರ್ ಯಾಕೆ ಹಾಕ್ಲಿಲ್ಲ ಅಂತ ಕೇಳಿ ಅವ್ರನ್ನ" ಎಂದು ಹಾಲು ಅಳೆಯುತ್ತಿದ್ದವನಿಗೆ ಹೇಳಿದೆ.

ಭಾವ ಗೋಡೆಗೇ ಹೇಳಿದರು: "ತಮ್ಮನ್ ಎಂಡ್ತಿ ನಂಬರು ನನ್ ಫೋನ್ನಲ್ಲಿ ಯಾಕಿರ್ತದೆ? ಮಡಗಿದ್ರೆ ನೋಡ್ದೋರು ಏನಂದಾರು? ತಮ್ಮಂದಿತ್ತು, ಅದ್ನೆ ಹಾಕ್ದೆ. ಅದ್ರಿಂದ್ಲೆ ಒಪ್ಗೆ ಬಂತು."

"ಅವರ ಸಿಮ್ಮು ಯಾವತ್ತೋ ಸತ್ತೋಯ್ತು, ಈಗ ಆ ನಂಬರು ಯಾವನ ಕೈಲೈತೋ. ಅವನು ಒಪ್ಪಿದ್ರೆ ನನ್ ನೀರು ಹೋಯ್ತದಾ, ಕೇಳಿ ಅವ್ರನ್ನ."

ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ಆಗಿದ್ದಾಯ್ತು ಬುಡವ್ವ, ಮುಂದ್ಲ ಸಲ ನೋಡ್ಕೊಳುವ" ಎಂದರು. ತಪ್ಪಾಯಿತು ಎಂಬ ಮಾತು ಒಬ್ಬನ ಬಾಯಿಂದಲೂ ಬರಲಿಲ್ಲ. ಊರೆಲ್ಲ ಸೇರಿ ಸತ್ತವನೊಬ್ಬನನ್ನು ಗ್ರೂಪಿನಲ್ಲಿ ಕೂರಿಸಿ ಅವನ ಮಾತು ಕೇಳಿತ್ತು. ಬದುಕಿದ್ದ ನಾನು ಕೂಗಿದರೆ ಕ್ಯಾನಿನ ಮುಚ್ಚಳದ ಸದ್ದಿನಷ್ಟೂ ಬೆಲೆ ಇರಲಿಲ್ಲ. ನಾಲಿಗೆಗೆ ಬಂದದ್ದನ್ನೆಲ್ಲ ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯುವುದು ಬೇಡ.

ಮನೆಗೆ ಬಂದು ಅಂಗಳದಲ್ಲೇ ನಿಂತು ಆ ನಂಬರಿಗೆ ಫೋನು ಮಾಡಿದೆ. ನನ್ನ ಫೋನಿನಲ್ಲಿ ಅದು ಈಗಲೂ "ನಮ್ಮೋರು" ಎಂದೇ ಇದೆ. ರಿಂಗಾಗುವಾಗ ಅವರ ಫೋಟೋ ಬಂತು, ಬದುವಿನ ಮೇಲೆ ಟವೆಲ್ಲು ತಲೆಗೆ ಸುತ್ತಿ ನಿಂತದ್ದು. ಎಷ್ಟೋ ಕಾಲದ ಮೇಲೆ ಆ ಫೋಟೋ ನನ್ನ ಕೈಯಲ್ಲಿ ರಿಂಗಾಯಿತು. ಆ ಕಡೆಯಿಂದ ಬಂದದ್ದು ಬೇರೆ ದನಿ.

"ಹಲೋ, ಯಾರ್ರೀ?"

ನಾನು ಯಾರು, ಏನಾಯಿತು ಎಂದು ಒಂದೇ ಉಸಿರಿನಲ್ಲಿ ಕೂಗಾಡಿದೆ. ಹಿಂದುಗಡೆ ತಟ್ಟೆ ಲೋಟದ ಸದ್ದು. ಹುಬ್ಬಳ್ಳಿಯ ಕಡೆಯ ಯಾವುದೋ ಹೋಟೆಲಿನಲ್ಲಿ ರೊಟ್ಟಿ ಬಡಿಯುವ ಕೆಲಸವಂತೆ. ಸಿಮ್ಮು ಕೊಂಡು ಸ್ವಲ್ಪ ದಿನವಾಗಿತ್ತಂತೆ.

"ಯಾರೋ ಗ್ರೂಪಿಗೆ ಹಾಕಿದ್ರರೀ ಅಕ್ಕಾರ. ಒಪ್ಪಿಗಿ ಐತೇನು ಅಂತ ಕೇಳಿದ್ರು, ನಾ ಹೆಬ್ಬಟ್ಟು ಒತ್ತೀನಿ ನೋಡ್ರಿ. ದೊಡ್ಡವ್ರು ಕೇಳ್ಯಾರ, ಒತ್ತಲಿಲ್ಲಂದ್ರ ತಪ್ಪು ತಿಳ್ಕೋತಾರ ಅಂತ."

"ನಿಮ್ಮೂರಲ್ಲ, ನಿಮ್ಮ ನೀರಲ್ಲ. ಹೊರಗೆ ಬರೋಕೆ ಏನಾಗಿತ್ತು?"

"ಮುಂಜಾನೆದ್ದು ನೀರು ಬಿಟ್ರು, ನೀರು ಬಂತು ಅಂತ ಓದಾಕ ಚಲೋ ಅನಸ್ತಿತ್ರಿ. ನಮ್ಮೂರಿಗೆ ಕಾಲುವಿ ಮುಟ್ಟೇ ಇಲ್ರೀ. ತಪ್ಪಾತ್ರಿ ಅಕ್ಕಾರ" ಎಂದ.

ಆ ಮಾತನ್ನು ಹೇಳಬೇಕಾಗಿದ್ದವರು ಯಾರು, ಹೇಳಿದವನು ಯಾರು! ನನಗೆ ಅವನ ಮೇಲೂ ಕೋಪ ಇಳಿಯಲಿಲ್ಲ. ಫೋನು ಇಟ್ಟುಬಿಟ್ಟೆ.

ಅಳತೆಯವರು ಮಂಡ್ಯಕ್ಕೆ ಕರೆದದ್ದು ಅದೇ ವಾರ. ಮಧ್ಯದಲ್ಲಿ ಒಮ್ಮೆ ಎಲ್ಲರನ್ನೂ ಕೂರಿಸಿ ಆಗಿರುವ ಕೆಲಸವನ್ನು ಗೋಡೆಯ ಮೇಲೆ ತೋರಿಸುವುದು ಅವರ ಕ್ರಮ. ನಮ್ಮೂರೂ ಅಳತೆಗೆ ಬಿದ್ದಿತ್ತಂತೆ. ಸ್ವಂತ ಊರೆಂದು ಅಲ್ಲಿಗೆ ನನ್ನನ್ನು ಬಿಟ್ಟು ಬೇರೆಯವರನ್ನು ಕಳಿಸಿದ್ದರು. ಮೇಡಂ ಕಣ್ಣರಳಿಸಿ ಹೇಳಿದರು: "ಇಲ್ಲಿಯವರೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿರುವುದು ನಿಮ್ಮ ಊರಿಗೆ. ನೀರಿನ ಹಂಚಿಕೆಯಂಥ ವಿಷಯವನ್ನೂ ಅಂತರ್ಜಾಲದಲ್ಲಿ ಎಲ್ಲರ ಒಪ್ಪಿಗೆ ಪಡೆದು ತೀರ್ಮಾನಿಸುತ್ತಾರೆ. ಪ್ರತಿ ಮನೆಗೂ ಅದರಲ್ಲಿ ಸ್ಥಾನ ಇದೆ. ಒಂದು ಮನೆಯನ್ನೂ ಬಿಟ್ಟಿಲ್ಲ." ಇದನ್ನೆಲ್ಲ ಹೇಳಿದವರು ಯಾರು ಎಂದು ಕೇಳಿದೆ. ಗ್ರೂಪು ನಡೆಸುವ ಹಿರಿಯರೊಬ್ಬರು ಎಂದರು.

"ಅದರಲ್ಲಿ ನನ್ನ ಮನೆಯೂ ಸೇರಿದೆಯಾ ಮೇಡಂ?"

"ಸೇರಲೇಬೇಕಲ್ಲ. ಎಲ್ಲ ಮನೆ ಎಂದರೆ ಎಲ್ಲವೂ."

"ಹಾಗಾದರೆ ಕೇಳಿ, ನನ್ನ ಮನೆಯ ಪರವಾಗಿ ಅಲ್ಲಿ ಕೂತಿರುವುದು ನನ್ನ ಗಂಡನ ನಂಬರು. ನನ್ನ ಗಂಡ ಸತ್ತಿದ್ದಾರೆ. ಆ ನಂಬರನ್ನು ಈಗ ಹುಬ್ಬಳ್ಳಿ ಕಡೆಯ ಹೋಟೆಲಿನವನೊಬ್ಬ ಇಟ್ಟುಕೊಂಡಿದ್ದಾನೆ. ಅವನು ಹೂಂ ಅಂದ, ನನ್ನ ನೀರು ಹೋಯಿತು. ಇದಕ್ಕೆ ಎಷ್ಟು ಅಂಕ?"

ಮೇಡಂ ಲ್ಯಾಪ್‌ಟಾಪು ನೋಡಿದರು, ನನ್ನನ್ನು ನೋಡಿದರು. "ಇದು ಅಪರೂಪದ ಪ್ರಕರಣ" ಎಂದರು. "ಒಂದೊಂದು ಮನೆಯ ತೊಂದರೆಯನ್ನು ಹಿಡಿಯುವ ಹಾಗೆ ನಮ್ಮ ಪ್ರಶ್ನೆಗಳಿಲ್ಲ."

"ಬಂಡೂರಿನ ಕಡೆ ಬಾಗಿಲ ಹಿಂದೆ ನಿಂತಿದ್ದವಳದ್ದೂ ಅಪರೂಪವಾ? ಅವಳ ಪರವಾಗಿ ಅವಳ ಗಂಡ ಹೂಂ ಅಂದ, ನಾನು ಒತ್ತಿದೆ. ಊರಿನವರು ಮನೆಗೊಂದು ನಂಬರು ಅಂದರು, ನೀವು ಮನೆಗೊಂದು ಉತ್ತರ ಅಂದಿರಿ. ನಿಮಗೂ ನಮ್ಮ ಭಾವನಿಗೂ ಏನು ವ್ಯತ್ಯಾಸ?"

ಟ್ಯಾಬನ್ನು ಅವರ ಮೇಜಿನ ಮೇಲೆ ಇಟ್ಟು ಇಳಿದು ಬಂದೆ. ನಾನು ಮೆಟ್ಟಿಲಿಳಿಯುವಾಗ ಮೇಲೆ ಮತ್ತೆ ಮಾತು ಶುರುವಾಗಿತ್ತು. ಊರಿನ ಅಂಕ ಬದಲಾಯಿಸಿದರೋ ಇಲ್ಲವೋ, ನನಗೆ ಯಾರೂ ಹೇಳಲಿಲ್ಲ.

ಡೈರಿಯ ಮುಂದಿನ ಗಲಾಟೆಯ ಫಲವಾಗಿ ಒಂದು ಬೆಳಿಗ್ಗೆ ನನ್ನನ್ನು ಗ್ರೂಪಿಗೆ ಸೇರಿಸಿದರು. ಸೇರಿಸಿದ್ದು ನೀರುಗಂಟಿಯ ಫೋನಿನಿಂದ. ಭಾವನ ಫೋನಿನಲ್ಲಿ ನನ್ನ ನಂಬರಿನ ಮೈಲಿಗೆ ಆಗಬಾರದಲ್ಲ! ಹಳೆಯ ನಂಬರನ್ನು ತೆಗೆದರು. ನಾನು ತಡಮಾಡದೆ ಬರೆದೆ: "ಹೋದ ಸಲದ ನನ್ನ ಸರದಿ ನನಗೆ ಸಿಕ್ಕಿಲ್ಲ. ಒಟ್ಲು ಬಲಿಯುತ್ತಿದೆ. ಮುಂದಿನ ಸಲ ನಾಲೆಗೆ ನೀರು ಬಿಟ್ಟಾಗ ಮೊದಲ ನೀರು ನನಗೆ ಬೇಕು. ಹಿರಿಯರು ಉತ್ತರ ಕೊಡಿ." ಎಲ್ಲರೂ ನೋಡಿದರು, ನೀಲಿ ಟಿಕ್ಕು ಬಂತು. ಒಬ್ಬರೂ ಉಸಿರೆತ್ತಲಿಲ್ಲ. ಮಧ್ಯಾಹ್ನ ಮತ್ತೆ ಬರೆಯೋಣವೆಂದು ತೆಗೆದರೆ, ಬರೆಯುವ ಜಾಗವೇ ಇಲ್ಲ. ಇನ್ನು ಮುಂದೆ ಅಡ್ಮಿನ್‌ಗಳು ಮಾತ್ರ ಮೆಸೇಜು ಕಳಿಸಬಹುದು ಎಂಬ ಸಾಲು. ನನ್ನನ್ನು ಒಳಗೆ ಕರೆದು ಕೂರಿಸಿ ಬಾಯಿಗೆ ಬಟ್ಟೆ ತುರುಕಿದ್ದರು. ಆಡುವುದಕ್ಕೆ ಉಳಿದದ್ದು ಒಂದೇ, ಅವರು ಬರೆದದ್ದರ ಮೇಲೆ ಹೆಬ್ಬೆಟ್ಟು ಒತ್ತುವುದು.

ಅಷ್ಟರಲ್ಲಿ ಒಟ್ಲಿನ ಹಸಿರು ಕಪ್ಪಿಗೆ ತಿರುಗಿತು. ದಿನಾ ಹೋಗಿ ಒಂದು ಸಸಿ ಕಿತ್ತು ಬುಡ ಹಿಚುಕಿ ನೋಡುತ್ತಿದ್ದೆ. ಒಂದು ದಿನ ಉಗುರಿಗೆ ಗಟ್ಟಿ ತಗುಲಿತು. ಗೆಣ್ಣು ಬಿಟ್ಟಿತ್ತು. ಬದುವಿನ ಮೇಲೆ ಕೂತು ಅತ್ತುಬಿಟ್ಟೆ.

ನಾಲೆಗೆ ನೀರು ಬಿಡುವ ಹಿಂದಿನ ದಿನ ಭಾವನ ಮೆಸೇಜು ಬಂತು. ನಾಳೆ ಮೊದಲು ಮೇಲಿನ ಕಬ್ಬುಗಳಿಗೆ, ಉಳಿದರೆ ಕೆಳಗಿನ ಗದ್ದೆಗಳಿಗೆ, ಒಪ್ಪಿಗೆ ಇರುವವರು ಹೆಬ್ಬೆಟ್ಟು ಒತ್ತುವುದು. ನೋಡನೋಡುತ್ತಿದ್ದಂತೆ ಸಾಲು ಸಾಲು ಹೆಬ್ಬೆಟ್ಟು ಎದ್ದವು. ಅವುಗಳ ಮಧ್ಯೆ ನಾನೊಂದು ತಲೆಕೆಳಗಾದ ಹೆಬ್ಬೆಟ್ಟು ಒತ್ತಿದೆ. ಬೆಳಕು ಹರಿದ ಕೂಡಲೇ ಸನಿಕೆ ಹೆಗಲಿಗೆ ಹಾಕಿಕೊಂಡು ಹೋಗಿ ತೂಬಿನ ಕಲ್ಲಿನ ಮೇಲೆ ಕೂತೆ.

ನೀರು ಬಂತು. ನೀರುಗಂಟಿ ಬಂದ, ನನ್ನನ್ನು ನೋಡಿ ತಲೆ ಕೆರೆದುಕೊಂಡ. ಭಾವನಿಗೆ ಫೋನು ಹೋಯಿತು. ಅವರು ಬೈಕಿನಲ್ಲಿ ಬಂದು, ಅಷ್ಟು ದೂರದಲ್ಲೇ ನಿಲ್ಲಿಸಿ, ಕಬ್ಬಿನ ಕಡೆ ಮುಖ ಮಾಡಿದರು.

"ಗ್ರೂಪ್ನಲ್ಲಿ ತೀರ್ಮಾನ ಆಗದೆ ಅಂತ ಯೋಳ್ಲಾ ಅವ್ಳಿಗೆ" ಎಂದರು ನೀರುಗಂಟಿಗೆ.

"ಇಲ್ಲೇ ಕುಂತಿವ್ನಿ ಭಾವ. ಅವನ್ಯಾಕೆ ಮಧ್ಯ, ನಂಗೇ ಯೋಳಿ."

ಮದುವೆಯಾಗಿ ಬಂದಂದಿನಿಂದ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರ ಕುತ್ತಿಗೆ ಕೆಂಪಾಯಿತು. "ಎಲ್ರೂ ಒಪ್ಪವ್ರೆ. ಒಬ್ಳು ಇಲ್ಲ ಅಂದ್ರೆ ಊರು ನಿಂತ್ಕೊತದಾ ಕೇಳ್ಲಾ" ಎಂದರು, ಮತ್ತೆ ಅವನಿಗೇ.

"ಓದ್ಸಲ ಒಂದು ಹೂಂ ಸಾಕಾಗಿತ್ತಲ್ಲ ಭಾವ. ಅದೂ ಸತ್ತೋರ ಹೆಸರಲ್ಲಿ ಬಂದಿದ್ದು. ಈ ಸಲ ಬದುಕಿರೋಳು ಇಲ್ಲ ಅಂದ್ರೆ ಯಾಕೆ ಸಾಲ್ದು? ನಿಮ್ ತಮ್ಮ ಇದ್ದಿದ್ರೆ ಅವರ ಗದ್ದೆ ಒಣಗ್ಸಿ ನಿಮ್ ಕಬ್ಬಿಗೆ ನೀರು ಕಟ್ತಿದ್ರಾ? ನನ್ ಮುಖ ನೋಡಿ ಯೋಳಿ."

ಅವರು ತಿರುಗಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣು ನೋಡಿದರು. ತಮ್ಮನ ಮೂಗು, ತಮ್ಮನ ಹುಬ್ಬು ಅವರಿಗೂ ಇದೆ ಎಂದು ನನಗೆ ಕಂಡದ್ದು ಆವತ್ತೇ. ಬಹಳ ಹೊತ್ತು ನೋಡಲಾರದೆ ನೆಲ ನೋಡಿ, "ಮೊದ್ಲು ಅವ್ರದ್ನ ತುಂಬುಸ್ಲಾ" ಎಂದು ಬೈಕು ಒದ್ದು ಹೊರಟುಹೋದರು. ಆಮೇಲೆ ಓರಗಿತ್ತಿ ನನ್ನ ಜೊತೆ ಮಾತು ಬಿಟ್ಟಳು. ಊರಿನವರು ನಾನು ಗಂಡುಬೀರಿ ಎಂದರು. ಅನ್ನಲಿ.

ನಾಟಿಗೆ ಬಂದ ಹೆಂಗಸರು ಸಸಿ ಕೈಗೆತ್ತಿಕೊಂಡ ಕೂಡಲೇ, "ಬಲ್ತೋಗದಲ್ಲವ್ವೋ, ಏನ್ ಬಂದಾತು ಇದ್ರಲ್ಲಿ?" ಎಂದರು. ಅದು ನನಗೂ ಗೊತ್ತಿತ್ತು. ಕಿತ್ತು ಎಸೆಯಲು ಮನಸ್ಸು ಬರದೆ ಅವರ ಜೊತೆ ನಾನೂ ಬಗ್ಗಿ ನೆಟ್ಟೆ. ಈ ಸಲ ಅರ್ಧ ಬೆಳೆ ಬಂದರೆ ಹೆಚ್ಚು.

ನೆಡುತ್ತಿದ್ದಾಗ ಬದುವಿನ ಮೇಲಿಟ್ಟಿದ್ದ ಫೋನು ಸದ್ದು ಮಾಡಿತು. ಕೆಸರುಗೈಯಲ್ಲೇ ತೆಗೆದು ನೋಡಿದೆ. ವಾಟ್ಸಾಪಿನದಲ್ಲ, ಸಾದಾ ಎಸ್ಸೆಮ್ಮೆಸ್ಸು. ಟವೆಲ್ಲು ಸುತ್ತಿದ ಆ ಫೋಟೋ. ಅದರ ಪಕ್ಕದಲ್ಲಿ, "ನಮ್ಮೋರು". ಅದರ ಕೆಳಗೆ ಒಂದು ಸಾಲು: "ಅಕ್ಕಾರ, ನೀರು ಬಂತೇನ್ರಿ?"

ಊರಿನ ಅಷ್ಟು ಮನೆಗಳಲ್ಲಿ ಒಬ್ಬರೂ ಈ ಮಾತು ಕೇಳಿರಲಿಲ್ಲ. ಕೆಸರಿನಲ್ಲಿ ನಿಂತು ಜೋರಾಗಿ ಅಳು ಬಂತು. ನೆಡುತ್ತಿದ್ದವರು ಸೊಂಟ ಎತ್ತಿ ನೋಡಿದರು. ಬರಿಯ ಹೆಬ್ಬೆಟ್ಟು ಒತ್ತಿ ಮುಗಿಸಲು ಮನಸ್ಸಾಗಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಬಂತು. ತಡವಾಗಿ ಬಂತು" ಎಂದು ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ.